ಹಿಮ್ಮಡಿ ಊರುವ ಎತ್ತರ

ಬೈಲಹೊಂಗಲದ ಆ ಮನೆಯಲ್ಲಿ ಮಲಗುವ ಕೋಣೆಯಿಂದ ಅಡಿಗೆಮನೆಗೆ ಹೋಗುವ ಗೋಡೆಯ ಮೇಲೆ, ಎದೆಮಟ್ಟದಲ್ಲಿ, ಒಂದು ಕಂದು ಗೆರೆ ಇತ್ತು. ಪ್ರತಿ ದಸರೆಗೆ ಸುಣ್ಣ ಹಚ್ಚಿದಾಗ ಮಾಯವಾಗುತ್ತಿತ್ತು, ಸಂಕ್ರಾಂತಿ ಬರುವಷ್ಟರಲ್ಲಿ ಮತ್ತೆ ಮೂಡುತ್ತಿತ್ತು. ಮನೆಯ ಗಂಡಸರು ಅದನ್ನು ಗೋಡೆಯ ತೇವ ಎಂದುಕೊಂಡಿದ್ದರು. ಅದು ರಾಚವ್ವನ ಅಂಗೈ.

ಬೆಳಿಗ್ಗೆ ಐದಕ್ಕೆ ಎಚ್ಚರವಾದರೂ ರಾಚವ್ವ ಕೂಡಲೇ ಏಳುತ್ತಿರಲಿಲ್ಲ. ಮಂಚದ ಅಂಚಿಗೆ ಕುಳಿತು, ಹೊಳೆ ದಾಟಬೇಕಾದವರು ನೀರನ್ನು ನೋಡುವ ಹಾಗೆ, ಕೆಳಗಿನ ಫರಸಿಕಲ್ಲಿನ ನೆಲವನ್ನು ನೋಡುತ್ತಿದ್ದಳು. ಮೊದಲ ಹೆಜ್ಜೆ ಇಟ್ಟರೆ ಬಲ ಹಿಮ್ಮಡಿಯೊಳಗೆ ಜಾಲಿಮುಳ್ಳು ಮುರಿದು ಕುಳಿತಂತೆ. ಎರಡನೆಯದಕ್ಕೆ ಕೈ ಗೋಡೆಗೆ ಹೋಗುತ್ತಿತ್ತು. ಹನ್ನೊಂದು ಹೆಜ್ಜೆ ಕುಂಟಿ ಅಡಿಗೆಮನೆ ಮುಟ್ಟಿ, ಚಹಾಕ್ಕೆ ನೀರಿಟ್ಟು, ಹಾಲು ಉಕ್ಕುವಷ್ಟರಲ್ಲಿ ಮುಳ್ಳು ಮೊಂಡಾಗಿ ಬರೀ ನೋವಾಗುತ್ತಿತ್ತು. ಆದರೆ ಮಧ್ಯಾಹ್ನ ಹತ್ತು ನಿಮಿಷ ಕುಳಿತು ಎದ್ದರೆ ಮತ್ತೆ ಅದೇ ಮೊದಲ ಹೆಜ್ಜೆ. ಸಂಜೆ ಕುಳಿತರೆ ಮತ್ತೆ. ಅವಳ ಪಾಲಿಗೆ ದಿನಕ್ಕೆ ನಾಲ್ಕು ಬೆಳಗಾಗುತ್ತಿದ್ದವು. ಹಾಗಾಗಿ ಅವಳು ಕೂಡುವುದನ್ನೇ ಬಿಟ್ಟಿದ್ದಳು. ನಿಂತು ನಿಂತು ಬಂದ ನೋವಿಗೆ ಹೆದರಿ, ನಿಂತೇ ಇರುತ್ತಿದ್ದಳು.

ಅವಳ ತವರು ರಾಮದುರ್ಗ ತಾಲೂಕಿನ ತೊರಗಲ್. ಊರ ಬೆನ್ನಿಗೇ ಗುಡ್ಡ, ಗುಡ್ಡದ ಮೇಲೆ ಕೋಟೆ. ಹುಡುಗಿಯಾಗಿದ್ದಾಗ ಅವಳೂ ಪಕ್ಕದ ಮನೆಯ ಬಾಯವ್ವನೂ ಕಟ್ಟಿಗೆಯ ನೆಪ ಮಾಡಿಕೊಂಡು ದಿನಾ ಗುಡ್ಡ ಹತ್ತುತ್ತಿದ್ದರು. ಮೇಲೆ ಮುರಿದ ಬುರುಜು. ಯಾರು ಮೊದಲು ಮುಟ್ಟುತ್ತಾರೋ ಅವರು ಅಲ್ಲಿಂದ ‘ಕೂ’ ಎಂದು ಕೂಗಬೇಕು. ಕೆಳಗಿದ್ದವಳು ಸೋತೆನೆಂದು ತಿರುಗಿ ‘ಕೂ’ ಎನ್ನಬೇಕು. ಬಾಯವ್ವ ದಾರಿಯಲ್ಲಿ ಕವಳಿಹಣ್ಣಿಗೆ ನಿಲ್ಲುವವಳು. ಹಾಗಾಗಿ ಯಾವಾಗಲೂ ರಾಚವ್ವನೇ ಮೊದಲು. ಮೇಲೆ ಕುಳಿತರೆ ಕಾಲು ಗಾಳಿಯಲ್ಲಿ ಜೋತಾಡುತ್ತಿದ್ದವು, ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಕೆಳಗೆ ಮನೆಯ ಮಾಳಿಗೆಯಿಂದ ಅವ್ವ “ರಾಚೀ” ಎಂದು ಕರೆದರೆ ಕೇಳಿಸುತ್ತಿತ್ತು. ಆದರೆ ಅಷ್ಟೆತ್ತರದಲ್ಲಿ ಕೇಳಿಸಲಿಲ್ಲ ಎನ್ನಬಹುದಿತ್ತು. ಮುಂದೆ ಅವಳ ಬದುಕಿನಲ್ಲಿ ಕರೆದದ್ದು ಕೇಳಿಸಲಿಲ್ಲ ಎನ್ನಬಹುದಾದ ಜಾಗ ಇನ್ನೊಂದು ಸಿಗಲಿಲ್ಲ.

ಹದಿನೆಂಟಕ್ಕೆ ಮದುವೆಯಾಗಿ ಬೈಲಹೊಂಗಲಕ್ಕೆ ಬಂದಳು. ಗಂಡ ಮಹಾಂತಪ್ಪನದು ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ. ಮನೆ ತುಂಬ ಮಂದಿ. ಬಾಯವ್ವನನ್ನು ತೊರಗಲ್ಲಿನಲ್ಲೇ ಕೊಟ್ಟರು. ವರ್ಷಕ್ಕೆರಡು ಸಲ ರಾಚವ್ವ ತೊರಗಲ್ಲಿಗೆ ಹೋಗುತ್ತಿದ್ದಳು. ಹೋದಾಗಲೂ ಅಣ್ಣನ ಮನೆಯ ಒಲೆ ಅವಳನ್ನು ಬಿಡುತ್ತಿರಲಿಲ್ಲ. ಗುಡ್ಡವನ್ನು ಹಿತ್ತಲ ಬಾಗಿಲಿನಿಂದ ನೋಡಿ ಬರುತ್ತಿದ್ದಳು.

ಬೈಲಹೊಂಗಲದ ಅಡಿಗೆಮನೆಯಲ್ಲಿ ಒಲೆ ನೆಲದ ಮೇಲಿತ್ತು. ಒಂದು ಮಣೆ ಹಾಕಿಕೊಂಡು, ಒಂದು ಕಾಲು ಚಾಚಿ, ಹೊಗೆಯಲ್ಲಿ ದಿನಕ್ಕೆ ಐವತ್ತು ರೊಟ್ಟಿ. ರೊಟ್ಟಿ ಬಡಿಯುವುದು ಕಷ್ಟವಾಗಿರಲಿಲ್ಲ, ಏಳುವುದು ಕಷ್ಟವಾಗಿತ್ತು. ಉಪ್ಪಿಗೆ ಏಳು, ನೀರಿಗೆ ಏಳು, ಯಾರೋ ಕರೆದರು ಎಂದು ಏಳು. ಒಂದು ದಿನ ಎಣಿಸಿ ನೋಡಿದಳು. ಅರವತ್ತಾದ ಮೇಲೆ ಎಣಿಕೆ ತಪ್ಪಿತು.

೧೯೯೩ರಲ್ಲಿ ಪಕ್ಕದ ಮನೆಯ ನರ್ಮದಾಬಾಯಿ ತಮ್ಮಲ್ಲಿ ನಿಂತು ಅಡಿಗೆ ಮಾಡುವ ಕಟ್ಟೆ ಕಟ್ಟಿಸಿದರು. ಅವರ ಯಜಮಾನರು ರಘೋತ್ತಮ ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ನರ್ಮದಾಬಾಯಿ ರಾಚವ್ವನನ್ನು ಒಳಗೆ ಕರೆದು ತೋರಿಸಿದರು. “ನೋಡ್ರಿ, ಎಲ್ಲಾ ಕೈಗೇ ಸಿಗ್ತದ. ಏಳೂದಿಲ್ಲ, ಕೂಡೂದಿಲ್ಲ.” ರಾಚವ್ವ ಆ ಕಪ್ಪು ಕಡಪಾ ಕಲ್ಲಿನ ಮೇಲೆ ಅಂಗೈಯಿಟ್ಟಳು. ತಣ್ಣಗಿತ್ತು.

ಎರಡು ವರ್ಷ ಬೇಡಿದಳು. ಬಾಯಿಬಿಟ್ಟು ಬೇಡಿದ್ದಲ್ಲ; ಹೊಗೆಗೆ ಕೆಂಪಾದ ಕಣ್ಣನ್ನು ಒರೆಸಿಕೊಳ್ಳದೆ ಹಾಗೇ ಬಂದು ಗಂಡನಿಗೆ ಬಡಿಸುತ್ತಿದ್ದಳು. “ನಿಂತು ಮಾಡಿದ ಅಡಗಿ ಮೈಗೆ ಹತ್ತಂಗಿಲ್ಲ” ಎಂದು ಮಾವ ಅಡ್ಡ ಬಂದರು. ಕೊನೆಗೆ ಗ್ಯಾಸು ಬಂತು. ಗ್ಯಾಸನ್ನು ನೆಲದ ಮೇಲೆ ಇಡಬಾರದು ಎಂದು ಅದನ್ನು ತಂದವನೇ ಹೇಳಿದ. ಅವನು ಹೇಳಿದ್ದರಿಂದ ಕಟ್ಟೆಯಾಯಿತು.

ಕಟ್ಟಲು ಬಂದ ಗವಂಡಿ ಶಟ್ಟೆಪ್ಪ. “ಎತ್ತರ ಎಷ್ಟ ಹಿಡಿಯೂಣ್ರಿ ಧಣಿ?” ಎಂದು ಕೇಳಿದ. ಆರಡಿ ಆಳು ಮಹಾಂತಪ್ಪ ಗೋಡೆಗೆ ಒತ್ತಿ ನಿಂತು, ತನ್ನ ಹೊಕ್ಕುಳ ಕೆಳಗೆ ಅಂಗೈ ಅಡ್ಡ ಹಿಡಿದು, “ಇಷ್ಟ ಹಿಡಿ” ಎಂದ. ಶಟ್ಟೆಪ್ಪ ಇದ್ದಿಲಿನಿಂದ ಗೆರೆ ಎಳೆದ. ಆಗ ರಾಚವ್ವ ಚಹಾದ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು. ಪಡಸಾಲೆಯಲ್ಲಿ ಮಾವ ಕುಳಿತಿದ್ದರು. ಅವರ ಕಣ್ಣೆದುರು, ಹೊರಗಿನ ಆಳುಗಳ ನಡುವೆ, ಸೊಸೆ ಬಂದು ನಿಲ್ಲುವುದು ಆ ಮನೆಯ ರೀತಿಯಾಗಿರಲಿಲ್ಲ. ಅವರೆಲ್ಲ ಹೋದ ಮೇಲೆ ಬಂದು ಆ ಇದ್ದಿಲ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದಳು. ಬೆರಳು ಕಪ್ಪಾಯಿತು. ಎಷ್ಟು ಸಂತೋಷವಾಗಿತ್ತೆಂದರೆ, ತೊಳೆಯದೆ ತಲೆಗೂದಲಿಗೆ ಒರೆಸಿಕೊಂಡಳು.

ಕಟ್ಟೆಯ ಮೇಲೆ ಮೊದಲು ಹೋಳಿಗೆ ಮಾಡಿದಳು. ಓಣಿಯ ಹೆಂಗಸರು ನೋಡಲು ಬಂದರು. “ರಾಣಿ ಆದೆಲ್ಲ ರಾಚವ್ವಾ” ಎಂದರು. ಅಂದಿನಿಂದ ದಿನಕ್ಕೆ ಒಂಬತ್ತು ತಾಸು ನಿಲ್ಲುವ ರಾಣಿ.

ಮೂರು ವರ್ಷಕ್ಕೆ ಹಿಮ್ಮಡಿ ಹಿಡಿಯಿತು. ಅತ್ತೆ ಇಟ್ಟಂಗಿ ಕಾಯಿಸಿ, ಎಕ್ಕೆಯ ಎಲೆ ಹಾಸಿ, ಅದರ ಮೇಲೆ ಹಿಮ್ಮಡಿ ಊರಿಸಿದರು. ಹಾಯೆನಿಸಿತು, ಮರುದಿನ ಮತ್ತೆ ಬಂತು. ಮಾವನೂ ಅತ್ತೆಯೂ ತೀರಿಕೊಂಡರು, ನೋವು ಉಳಿಯಿತು. ಒಬ್ಬ ಡಾಕ್ಟರು ಹಿಮ್ಮಡಿಗೇ ಇಂಜೆಕ್ಷನ್ ಕೊಟ್ಟರು. ಎರಡು ತಿಂಗಳು ಆರಾಮ. ಇನ್ನೊಬ್ಬರು ಮೆತ್ತನೆಯ ಚಪ್ಪಲಿ ಬರೆದುಕೊಟ್ಟು, ಮನೆಯೊಳಗೂ ಮೆಟ್ಟಿರಬೇಕು ಎಂದರು. ಮೆಟ್ಟಿದಳು. ಆದರೆ ದೇವರ ಜಗಲಿ ಅಡಿಗೆಮನೆಯಲ್ಲೇ ಇತ್ತು. ಅಲ್ಲಿಗೆ ಚಪ್ಪಲಿ ಹೋಗುವಂತಿಲ್ಲ. ಹೀಗೆ ಆ ಮೆತ್ತನೆಯ ಚಪ್ಪಲಿಗಳು ಅಡಿಗೆಮನೆಯ ಹೊಸ್ತಿಲ ಹೊರಗೆ ದಿನವಿಡೀ ಅವಳಿಗಾಗಿ ಕಾಯುತ್ತಿದ್ದವು. ಅವಳು ಒಳಗೆ ಫರಸಿಯ ಮೇಲೆ ಬರಿಗಾಲಲ್ಲಿರುತ್ತಿದ್ದಳು.

ನೋವಿನ ಬಗ್ಗೆ ಹೆಚ್ಚು ಬಾಯಿಬಿಡಲಿಲ್ಲ. ಕಟ್ಟೆಗಾಗಿ ಬೇಡಿದವಳು ತಾನೇ. ಕಾಡಿ ಬೇಡಿ ಪಡೆದದ್ದು ಕಾಲು ತಿನ್ನುತ್ತಿದೆ ಎಂದು ಯಾರ ಮುಂದೆ ಹೇಳುವುದು?

೨೦೦೭ರ ಶ್ರಾವಣದಲ್ಲಿ ತೊರಗಲ್ಲಿನಿಂದ ಬಾಯವ್ವನ ಫೋನು ಬಂತು. ಗಂಡ ಸತ್ತ ಮೇಲೆ ಬಾಯವ್ವ ಒಬ್ಬಳೇ ಇದ್ದಳು. ಮಗ ಸೋಮಪ್ಪ ಕಿತ್ತೂರಿನಲ್ಲಿ ಹೈವೇಗೆ ಹತ್ತಿಕೊಂಡು ಖಾನಾವಳಿ ಹಾಕುತ್ತಿದ್ದ.

“ದೀಪಾವಳಿ ಮುಗಿದ ವಾರಕ್ಕ ಹೊಂಟೆ ನೋಡಬೇ” ಎಂದಳು ಬಾಯವ್ವ. “ಇನ್ನ ಅಲ್ಲೇ. ರೊಟ್ಟಿ ಬಡ್ಯಾಕ ನಾನs ಬೇಕಂತ ಅವಂಗ. ಮನಿ ಮಾರಿದ್ವಿ.”

ರಾಚವ್ವ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಕೇಳಸ್ತೇನ? ಹೋಗೂಕಿಂತ ಮೊದಲ ಒಮ್ಮೆ ಗುಡ್ಡ ಹತ್ತೂಣು ಬಾ. ಮೂವತ್ತ ವರ್ಷಾತು ನೀ ಬರೇ ಹಿತ್ತಲ ಬಾಗಲದಿಂದ ನೋಡಿ ಹೋಗಾಕಿ.”

“ನನ್ನ ಹಿಮ್ಮಡ ಗೊತ್ತಿಲ್ಲೇನ ನಿನಗ? ಮನಿ ಹೊಸ್ತಲಾ ದಾಟೂದ ಕಷ್ಟ ಐತಿ.”

“ಹಂಗಾರ ಈ ಸಲ ನಾ ಮೊದಲ ಮುಟ್ಟತೇನಿ. ಒಮ್ಮೆರ ಗೆಲ್ಲಾಕ ಬಿಡಬೇ!” ಎಂದು ಬಾಯವ್ವ ನಕ್ಕಳು. ನಗು ಅರ್ಧಕ್ಕೆ ನಿಂತಿತು. “ಬಾ ರಾಚಿ. ಆಮ್ಯಾಲ ನಮಗ ಅಲ್ಲಿ ಯಾರದೂ ಮನಿ ಇಲ್ಲ.”

ರಾಚವ್ವನ ಅಣ್ಣನೂ ಹೋದ ವರ್ಷವೇ ರಾಮದುರ್ಗ ಸೇರಿದ್ದ. ಫೋನಿಟ್ಟು, ಗೋಡೆ ಹಿಡಿದು ಅಡಿಗೆಮನೆಗೆ ನಡೆದಳು. ದೀಪಾವಳಿಗೆ ಮೂರು ತಿಂಗಳಿತ್ತು.

ನರ್ಮದಾಬಾಯಿಯ ಮಗಳು ಶರ್ವರಿ ಬೆಳಗಾವಿಯಲ್ಲಿ ಫಿಜಿಯೋಥೆರಪಿ ಓದಿ, ಪುಣೆಯಲ್ಲಿ ಮೂರು ವರ್ಷ ಕೆಲಸ ಮಾಡಿ, ಆಗಷ್ಟೇ ಬೈಲಹೊಂಗಲ ಪೇಟೆಯಲ್ಲಿ ಎರಡು ಕೋಣೆಯ ಕ್ಲಿನಿಕ್ ತೆರೆದಿದ್ದಳು. ಸಣ್ಣವಳಿದ್ದಾಗ ಗೋಡೆಯಾಚೆಯಿಂದ ಕೈ ಚಾಚಿ ರಾಚವ್ವನ ಬಿಸಿ ರೊಟ್ಟಿ ಇಸಿದುಕೊಳ್ಳುತ್ತಿದ್ದ ಹುಡುಗಿ. ರಾಚವ್ವ ಸೆರಗು ಹೊದ್ದು ಅವಳ ಮುಂದೆ ಕುಳಿತಳು.

“ಏನ್ ಕೆಲಸ ಮಾಡ್ತೀರಿ ಕಾಕು?” ಹಾಳೆಯಲ್ಲಿ ಬರೆಯುತ್ತ ಶರ್ವರಿ ಕೇಳಿದಳು.

“ನನಗೇನ ಕೆಲಸಾ? ಮನ್ಯಾಗ ಇರತೇನಿ.”

ಬೋರಲು ಮಲಗಿಸಿ ಶರ್ವರಿ ಹಿಮ್ಮಡಿ ಒತ್ತಿದಳು, ಅಂಗಾಲು ಒತ್ತಿದಳು, ಆಮೇಲೆ ಮೇಲೇರಿ ಮೀನಖಂಡ ಹಿಚುಕತೊಡಗಿದಳು.

“ಬ್ಯಾನಿ ಕೆಳಗೈತಿ ತಂಗಿ, ನೀ ಮ್ಯಾಲ ಹುಡಕಾಕ ಹತ್ತಿಯಲ್ಲ.”

“ಇಲ್ಲೇ ಗಂಟು ಬಿದ್ದದ ಕಾಕು,” ಎಂದು ಶರ್ವರಿ ಹೆಬ್ಬೆರಳು ಊರಿದಳು.

“ಯವ್ವಾ!” ನೋವು ಮೀನಖಂಡದಿಂದ ಹೊರಟು ನೇರ ಹಿಮ್ಮಡಿಗೆ ಇಳಿಯಿತು. ಒಂಬತ್ತು ವರ್ಷ ತನ್ನೊಬ್ಬಳದೇ ಆಗಿದ್ದ ಆ ನೋವನ್ನು ಇನ್ನೊಬ್ಬರ ಬೆರಳು ಹೀಗೆ ಹುಡುಕಿ ಮುಟ್ಟಿದ್ದಕ್ಕೆ ರಾಚವ್ವನ ಕಣ್ಣಲ್ಲಿ ನೀರು ಬಂತು.

ಶರ್ವರಿ ಸೂಜಿ ತೆಗೆದಳು. ಕೂದಲಷ್ಟು ಸಣ್ಣದು.

“ಇಷ್ಟ ಸಣ್ಣದರಾಗ ಔಷಧ ಎಲ್ಲಿ ತುಂಬತಿ?”

“ಔಷಧ ಇಲ್ಲ. ಬರೇ ಸೂಜಿ. ಗಂಟಿಗೆ ಚುಚ್ಚಿದರ ಅದು ಸಡ್ಲ ಆಗ್ತದ.”

“ಬರೇ ಸೂಜಿ ಚುಚ್ಚಿಸಿಗೊಳ್ಳಾಕ ಪ್ಯಾಟಿ ತನಕ ಬಂದ್ನೇನ? ಮನ್ಯಾಗ ಕೌದಿ ಹೊಲಿಯೂ ದಬ್ಬಣ ಐತೆಲ್ಲ!”

“ದಬ್ಬಣ ನಿಮ್ಮ ಯಜಮಾನರಿಗೆ ಇರ್ಲಿ. ಅಲ್ಲಾಡಬ್ಯಾಡ್ರಿ.”

ಚುಚ್ಚಿದ್ದು ಗೊತ್ತಾಗಲೇ ಇಲ್ಲ. ಸೂಜಿ ಒಳಗಿಳಿದಾಗ ಮಾತ್ರ ಖಂಡ ಒಮ್ಮೆ ಪಟಕ್ಕನೆ, ನೀರಿನಿಂದೆತ್ತಿದ ಮೀನಿನಂತೆ ಜಿಗಿದು, ಆಳದಲ್ಲಿ ಭಾರವಾದ ನೋವು ಹರಡಿತು. ಮೀನಖಂಡಕ್ಕೆ ನಾಲ್ಕು, ಅಂಗಾಲಿಗೆ ಎರಡು. “ಇಪ್ಪತ್ತು ನಿಮಿಷ ಹಂಗs ಮಲ್ಕೊಂಡಿರ್ರಿ” ಎಂದು ಶರ್ವರಿ ಪರದೆ ಎಳೆದು ಹೋದಳು.

ಹೊರಗೆ ಪೇಟೆಯ ಸದ್ದು. ಒಳಗೆ ತಿರುಗುವ ಫ್ಯಾನು. ಯಾರೂ ಕರೆಯಲಿಲ್ಲ. ಕರೆದರೂ ಕಾಲಲ್ಲಿ ಆರು ಸೂಜಿ ಇರುವವಳು ಏಳುವಂತಿಲ್ಲ. ಬುರುಜಿನ ಮೇಲೆ ಕುಳಿತ ದಿನಗಳ ನಂತರ ಹಗಲು ಹೊತ್ತಿನಲ್ಲಿ ಹೀಗೆ ಕೈಯಲ್ಲೇನೂ ಇಲ್ಲದೆ ಇದ್ದದ್ದು ಅವಳಿಗೆ ನೆನಪಿರಲಿಲ್ಲ. ಶರ್ವರಿ ಬಂದು ಸೂಜಿ ತೆಗೆದಾಗ, “ಇಷ್ಟ ಲಗೂನ ಆತೇನ?” ಎಂದಳು.

“ಎಲ್ಲಾರಿಗೂ ಗುಣ ಆಗ್ತದ ಅಂತ ನಾ ಹೇಳೂದಿಲ್ಲ ಕಾಕು. ಭಾಳ ಮಂದಿಗೆ ಮುಂಜಾನಿ ನೋವು ಕಡಿಮಿ ಆಗೇದ. ವಾರಕ್ಕೊಮ್ಮೆ, ಆರು ಸಲ ನೋಡೂಣು. ಎರಡು ದಿನ ಕಾಲು ನೊಂದಂಗ ಇರ್ತದ. ಮುಂಜಾನೆ ಏಳೂಕಿಂತ ಮೊದಲು ಟಾವೆಲ್ಲು ಅಂಗಾಲಿಗೆ ಹಾಕಿ ಹಿಂದಕ್ಕ ಜಗ್ಗರಿ. ಆಮ್ಯಾಲ ಕಾಲು ಇಳಸ್ರಿ.”

ಮನೆಯಲ್ಲಿ ಮಹಾಂತಪ್ಪ ತುತ್ತು ಕೈಯಲ್ಲೇ ಹಿಡಿದು ನಕ್ಕ. “ಔಷಧ ಇಲ್ದ ಸೂಜಿ! ನಾಳೆ ಹಿಟ್ಟ ಇಲ್ದ ರೊಟ್ಟಿ ಮಾಡ ಹಂಗಾರ.”

“ಮಾಡತೇನಿ. ನೀವು ಹಲ್ಲ ಇಲ್ದ ತಿನ್ನರಿ,” ಎಂದಳು ರಾಚವ್ವ. ಸೊಸೆ ಮಧು ಸಾರಿನ ಪಾತ್ರೆಯತ್ತ ಮುಖ ತಿರುಗಿಸಿ ನಕ್ಕಳು.

ಎರಡು ದಿನ ಕಾಲು ನೊಂದಿತು. ಮೂರನೆಯ ಬೆಳಿಗ್ಗೆ ಹಗುರವಾಯಿತು. ನಾಲ್ಕನೆಯ ದಿನಕ್ಕೆ ಮುಳ್ಳು ಮರಳಿತು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. ಶರ್ವರಿ ಬಿಡಿಸಿದ ಗಂಟು ವಾರ ತುಂಬುವಷ್ಟರಲ್ಲಿ ಅದೇ ಜಾಗದಲ್ಲಿ, ಅಷ್ಟೇ ಗಟ್ಟಿಯಾಗಿ ಕುಳಿತಿರುತ್ತಿತ್ತು. ಶರ್ವರಿಯ ಹುಬ್ಬು ಗಂಟಾಗತೊಡಗಿತು. ರಾಚವ್ವ ಕ್ಯಾಲೆಂಡರಿನ ಹಾಳೆ ಎತ್ತೆತ್ತಿ ದೀಪಾವಳಿ ನೋಡುತ್ತಿದ್ದಳು.

ನಡುವೆ ಸವದತ್ತಿಯಲ್ಲಿ ಮಹಾಂತಪ್ಪನ ಅಕ್ಕನ ಮನೆಯ ಮದುವೆ ಬಂತು. ಐದು ದಿನ. ಅಡಿಗೆಗೆ ಆಳುಗಳಿದ್ದರು, ಬೀಗರ ಮನೆಯಲ್ಲಿ ರಾಚವ್ವನನ್ನು ಒಲೆಯ ಹತ್ತಿರ ಹೋಗಲೂ ಬಿಡಲಿಲ್ಲ. ಬಳೆ ಇಡಿಸಲು, ಸೀರೆ ತೋರಿಸಲು, ಈ ಮನೆ ಆ ಮನೆ ಎಂದು ದಿನವಿಡೀ ತಿರುಗಿದಳು. ನಾಲ್ಕನೆಯ ಬೆಳಿಗ್ಗೆ ಎದ್ದು, ಕಿಟಕಿಯ ಬಳಿ ಹೋಗಿ, ಹೊರಗೆ ಚಪ್ಪರ ನೋಡುತ್ತ ನಿಂತಾಗಲೇ ಹೊಳೆಯಿತು: ಮೊದಲ ಹೆಜ್ಜೆ ಆಗಲೇ ಮುಗಿದುಹೋಗಿದೆ. ತಿರುಗಿ ಹಾಸಿಗೆಯನ್ನು ನೋಡಿದಳು. ಗೋಡೆ ಅವಳಿಂದ ದೂರದಲ್ಲಿತ್ತು.

ಬೈಲಹೊಂಗಲಕ್ಕೆ ಬಂದ ಮೂರನೆಯ ದಿನ ಮತ್ತೆ ಕೈ ಗೋಡೆಗೆ ಹೋಯಿತು. ಇದನ್ನು ಕೇಳಿದ ಶರ್ವರಿ ಸೂಜಿಯನ್ನು ಬದಿಗಿಟ್ಟಳು.

“ಅಲ್ಲಿ ಹೆಚ್ಚು ನಡದೀರಿ, ನೋವು ಹೋಗೇದ. ಇಲ್ಲಿ ಬಂದಕೂಡ್ಲೆ ಬಂದದ. ಮನ್ಯಾಗ ಏನ್ ಮಾಡ್ತೀರಿ ಕಾಕು, ಖರೇ ಹೇಳ್ರಿ.”

“ಹೇಳಿದ್ನೆಲ್ಲ, ಏನೂ ಇಲ್ಲ. ಮನಿಗೆಲಸಾ.”

“ನಾಳೆ ಹನ್ನೊಂದಕ್ಕ ಬರ್ತೀನಿ. ರೊಟ್ಟಿ ತಿನ್ಲಿಕ್ಕೆ.”

ಬಂದಳು. ಕುರ್ಚಿ ಬೇಡವೆಂದು, ಸಣ್ಣವಳಿದ್ದಾಗಿನಂತೆ ಅಡಿಗೆಮನೆಯ ಹೊಸ್ತಿಲ ಮೇಲೇ ಕುಳಿತಳು. ರಾಚವ್ವ ಎಸರು ಹಾಕಿ ಹಿಟ್ಟು ನಾದಿ, ಕಡಪಾ ಕಲ್ಲಿನ ಮೇಲೆ ರೊಟ್ಟಿ ಬಡಿಯತೊಡಗಿದಳು. ತಪ್ ತಪ್ ಸದ್ದು ಒಂದೇ ತಾಳದಲ್ಲಿ ನಡೆದಿತ್ತು. ಇದ್ದಕ್ಕಿದ್ದಂತೆ ಶರ್ವರಿ, “ಕಾಕು, ಹಂಗs ನಿಂದರ್ರಿ. ಅಲ್ಲಾಡಬ್ಯಾಡ್ರಿ” ಎಂದಳು. ಮುಂದೆ ಸರಿದು, ರಾಚವ್ವನ ಬಲ ಹಿಮ್ಮಡಿಯ ಕೆಳಗೆ ತನ್ನ ಅಂಗೈ ತೂರಿಸಿದಳು. ಕೈ ಎಲ್ಲಿಯೂ ತಾಗದೆ ಒಳಗೆ ಹೋಗಿ ಹೊರಗೆ ಬಂತು.

“ಹಿಮ್ಮಡಿ ಗಾಳ್ಯಾಗ ಅದ.”

ರಾಚವ್ವ ಬಗ್ಗಿ ನೋಡಿದಳು. ನಿಜವಾಗಿತ್ತು. ಎರಡೂ ಹಿಮ್ಮಡಿ ನೆಲ ಬಿಟ್ಟಿದ್ದವು. ರೊಟ್ಟಿ ಬಡಿಯಲು ಭುಜದ ಭಾರ ಮೇಲಿಂದ ಬೀಳಬೇಕು. ಕಟ್ಟೆ ಎತ್ತರವಾದರೆ ಮೈ ತಾನೇ ಎತ್ತರವಾಗುತ್ತದೆ. ಹನ್ನೆರಡು ವರ್ಷ ದಿನಕ್ಕೆ ನಲವತ್ತು ರೊಟ್ಟಿ ತುದಿಗಾಲಲ್ಲಿ ಬಡಿದಿದ್ದಳು, ತನಗೇ ಗೊತ್ತಿಲ್ಲದೆ. ಎಲ್ಲರೂ ನೋಡುತ್ತಿದ್ದದ್ದು ರೊಟ್ಟಿಯನ್ನು. ಅವಳೂ ಅದನ್ನೇ ನೋಡುತ್ತಿದ್ದಳು.

“ನಾ ಗಂಟು ಬಿಡಸ್ತೀನಿ, ನೀವು ಇಲ್ಲಿ ನಿಂತು ಮತ್ತ ಹಾಕ್ತೀರಿ,” ಎಂದಳು ಶರ್ವರಿ. “ಸೂಜಿ ಒಂದs ಏನ್ ಮಾಡೀತು? ಯಾರ ಅಳತಿ ಹಿಡದು ಕಟ್ಟ್ಯಾರ ಇದನ್ನ?”

ರಾಚವ್ವನಿಗೆ ಇದ್ದಿಲ ಗೆರೆ ಕಂಡಿತು. ಬಾಗಿಲ ಹಿಂದೆ ಆರುತ್ತಿದ್ದ ಚಹಾ ಕಂಡಿತು.

“ಇವರದು,” ಎಂದಳು.

“ನಮ್ಮವ್ವ ಗವಂಡಿ ಮುಂದ ತಾನs ನಿಂತಿದ್ಲು ನೋಡ್ರಿ. ಅಪ್ಪನೇ ಪಟ್ಟಿ ಹಿಡದು ಅಳತಿ ಬರಕೊಂಡಿದ್ರು.”

ನೀರಿನ ಕೊಡ ಇಳಿಸುತ್ತಿದ್ದ ಮಧು ಮೆಲ್ಲಗೆ ಬಾಯಿಬಿಟ್ಟಳು. “ನಂಗೂ ಎರಡ ತಿಂಗಳಾತ್ರಿ ಅತ್ತಿ. ಮುಂಜಾನೆ ಎದ್ದಕೂಡ್ಲೆ ಎಡಗಾಲ ಹಿಡಿಯಾಕ ಹತ್ತೇತಿ.”

“ಯಾಕ ಹೇಳಲಿಲ್ಲ?”

“ನಿಮ್ಮ ಮುಂದ ಏನಂತ ಹೇಳ್ಲಿ?”

ರಾಚವ್ವ ಸೊಸೆಯ ಕಾಲು ನೋಡಿದಳು, ಆಮೇಲೆ ಗೋಡೆ ನೋಡಿದಳು. ಎಡಗಡೆ ಗೋಡೆಗೂ ಇನ್ನೊಂದು ಗೆರೆ ಮೂಡುವುದಿತ್ತು.

ಸಂಜೆ ಮಹಾಂತಪ್ಪನಿಗೆ ಹೇಳಿದಾಗ ಅವನು ಮೊದಲು ನಕ್ಕ. “ಕಟ್ಟಿ ಬೇಕು ಬೇಕು ಅಂತ ಗಂಟಬಿದ್ದಾಕಿ ನೀನs ಅಲ್ಲೇನ? ಎತ್ತರ ಹೆಚ್ಚಾತು ಅಂತ ಅವತ್ತs ಬಂದು ಹೇಳಬೇಕಿತ್ತು.”

“ಪಡಸಾಲ್ಯಾಗ ಮಾವನವರು ಕುಂತಿದ್ರು. ನೀವು ಗ್ವಾಡಿಗೆ ನಿಂತ್ರಿ. ಈ ಹನ್ನೆರಡ ವರ್ಷದಾಗ ಆ ಕಟ್ಟಿ ಮುಂದ ಮತ್ತೊಮ್ಮೆ ನಿಂತೀರೇನ?”

ಮಹಾಂತಪ್ಪನ ನಗು ನಿಂತಿತು. ಎದ್ದು ಅಡಿಗೆಮನೆಗೆ ಹೋಗಿ ಕಟ್ಟೆಯ ಮುಂದೆ ನಿಂತ. ಕಟ್ಟೆ ಅವನಿಗೆ ಹೇಳಿ ಮಾಡಿಸಿದಂತಿತ್ತು. ಎರಡೂ ಕೈ ಅದರ ಮೇಲಿಟ್ಟು, ಏನು ಮಾಡಬೇಕೆಂದು ತಿಳಿಯದವನಂತೆ ಸ್ವಲ್ಪ ಹೊತ್ತು ನಿಂತಿದ್ದ. “ಒಡಿಸೂಣು,” ಎಂದ. “ಹತ್ತಿ ಸುಗ್ಗಿ ಮುಗೀಲಿ.”

ಸುಗ್ಗಿಗಳು ಹೇಗೆ ಮುಗಿಯುತ್ತವೆ ಎಂದು ರಾಚವ್ವನಿಗೆ ಗೊತ್ತಿತ್ತು. ಇದ್ದಿಲಿನ ಚೂರು ತಂದು, ಕಟ್ಟೆಯ ಬದಿಗೆ ನೇರ ನಿಂತು, ಹಿಮ್ಮಡಿ ಊರಿ, ತನ್ನ ಅಳತೆಯಲ್ಲಿ ಒಂದು ಗೆರೆ ಎಳೆದಳು. ಕಲ್ಲಿಗಿಂತ ಆರು ಬೆರಳು ಕೆಳಗೆ. “ದಸರಿಗೆ ಸುಣ್ಣ ಹಚ್ಚೂಮುಂದ ಇದೊಂದು ಬಿಡಬೇಕು,” ಎಂದು ಮಧುವಿಗೆ ಹೇಳಿದಳು.

ಮರುದಿನ ಅಟ್ಟದಿಂದ ಹಳೆಯ ಮಣೆ ಇಳಿಸಿದಳು, ನೆಲದೊಲೆಯ ಕಾಲದಲ್ಲಿ ತಾನು ಕೂಡುತ್ತಿದ್ದ ಮಣೆ. ಕೂಡುವ ಮಣೆಯ ಮೇಲೆ ಕಾಲಿಡುವುದಕ್ಕೆ ಮನಸ್ಸು ಹಿಂಜರಿಯಿತು, ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅದರ ಮೇಲೆ ಅವ್ವ ಹೊಲಿದ ಕೌದಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಹತ್ತಿ ನಿಂತಳು. ಹಿಮ್ಮಡಿ ಊರಿತು. ಹೊತ್ತಾರೆಯ ಪಾಳಿ ಅವಳದು, ಸಂಜೆಯ ಪಾಳಿ ಮಧುವಿನದು; ಮಣೆ ಇಬ್ಬರಿಗೂ ಒಂದೇ.

ಶರ್ವರಿ ಉಳಿದ ಸಲ ಸೂಜಿ ಹಾಕಿದಳು. ಈಗ ಗಂಟು ಬಿಡಿಸಿದಲ್ಲಿ ಬಿಡಿಸಿದಂತೆಯೇ ಇರುತ್ತಿತ್ತು. ನೋವು ಪೂರ್ತಿ ಹೋಗಲಿಲ್ಲ. ಮುಳ್ಳು ತೆಗೆದ ಮೇಲೂ ಕಾಲು ಒಂದಷ್ಟು ದಿನ ನೋಡಿ ನೋಡಿ ಊರುತ್ತದಲ್ಲ, ಹಾಗಾಯಿತು. ಕೊನೆಯ ದಿನ ಪರದೆಯ ಹಿಂದೆ ಮಲಗಿದ್ದವಳಿಗೆ ಆರಾಮಾದದ್ದಕ್ಕೆ ಚೂರು ಬೇಸರವೂ ಆಯಿತು. ಇನ್ನು ಆ ಇಪ್ಪತ್ತು ನಿಮಿಷಗಳಿಲ್ಲ.

ಬಲಿಪಾಡ್ಯದ ಮರುದಿನ ಚೀಲ ಹಿಡಿದು ಹೊರಟಳು. “ಎಷ್ಟ ದಿನಾ?” ಎಂದ ಮಹಾಂತಪ್ಪ. “ನೋಡತೇನಿ” ಎಂದಳು. ಸವದತ್ತಿಯಲ್ಲೊಮ್ಮೆ, ರಾಮದುರ್ಗದಲ್ಲೊಮ್ಮೆ ಬಸ್ಸು ಬದಲಿಸಿ ಸಂಜೆಗೆ ತೊರಗಲ್ ಮುಟ್ಟಿದಳು. ಬಾಯವ್ವನ ಮನೆಯಲ್ಲಿ ಅರ್ಧ ಸಾಮಾನು ಗಂಟು ಕಟ್ಟಿತ್ತು.

ಬೆಳಿಗ್ಗೆ ಇಬ್ಬರೂ ಗುಡ್ಡ ಹತ್ತಿದರು. ಬಾಯವ್ವ ಮುಂದೆ, ರಾಚವ್ವ ಹಿಂದೆ, ಮೆತ್ತನೆಯ ಚಪ್ಪಲಿಯಲ್ಲಿ ಕಲ್ಲು ಆರಿಸಿ ಆರಿಸಿ. ಅರ್ಧ ದಾರಿಯಲ್ಲಿ ಉಸಿರಿಗೆ ನಿಂತಾಗ ಮೇಲಿನಿಂದ ಬಂತು, ಒಡಕು ಧ್ವನಿಯಲ್ಲಿ, “ಕೂ!”

ಐವತ್ತೊಂದು ವರ್ಷದ ಹೆಂಗಸು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಮೊದಲ ಸಲ ಸೋತವಳ ‘ಕೂ’ ಕೂಗಿದಳು.

ಮೇಲೆ ಬುರುಜಿನ ಕಲ್ಲಿನ ಮೇಲೆ ಕಾಲು ಜೋತುಬಿಟ್ಟು ಕುಳಿತರು. ಕೆಳಗೆ ಊರು, ಹಸಿರು ಜೋಳ, ಬಾಯವ್ವನದಾಗಿದ್ದ ಮನೆ. ಯಾರೂ ಕರೆಯಲಿಲ್ಲ. ಕರೆಯುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಕೇಳಿಸಲಿಲ್ಲ ಎನ್ನಲಾದರೂ ಅವ್ವ ಒಮ್ಮೆ “ರಾಚೀ” ಎನ್ನಬಾರದಿತ್ತೇ ಎನಿಸಿತು.

“ಖಾನಾವಳ್ಯಾಗ ಕಟ್ಟಿ ಕಟ್ಯಾರೇನ?” ಎಂದಳು ರಾಚವ್ವ.

“ನಾ ಹ್ವಾದ ಮ್ಯಾಲ ಕಟ್ಟತಾರಂತ. ಯಾಕಬೇ?”

“ಏಳ, ನೆಟ್ಟಗ ನಿಂದ್ರ.”

“ಏನಾತ ನಿನಗ?”

“ನಿಂದ್ರ ಅಂದ್ರ ನಿಂದ್ರ. ಹಿಮ್ಮಡ ಊರು.”

ರಾಚವ್ವ ಚೀಲದಿಂದ ಕೌದಿ ಹೊಲಿಯುವ ದಾರ ತೆಗೆದಳು. ಮಂಡಿಯೂರಿ, ಒಂದು ತುದಿಯನ್ನು ಬಾಯವ್ವನ ಹಿಮ್ಮಡಿಗೆ ಒತ್ತಿ ಹಿಡಿದು, ಇನ್ನೊಂದನ್ನು ನಡುವಿನ ತನಕ ಎಳೆದು, ರೊಟ್ಟಿ ಬಡಿಯುವ ಕೈ ಎಲ್ಲಿಗೆ ಬರುತ್ತದೋ ಅಲ್ಲಿ ಗಂಟು ಹಾಕಿದಳು.

“ಗವಂಡಿಗೆ ಇದನ್ನ ಕೊಡು. ಸೋಮಪ್ಪಗ ಅಲ್ಲ, ಗವಂಡಿಗೆ. ನಗತಾನ, ನಗಲಿ. ನಗೂದು ಮುಗಿಯೂ ತನಕ ಅಲ್ಲೇ ನಿಂದ್ರು.”

ಬಾಯವ್ವ ದಾರವನ್ನು ಸುತ್ತಿ ಎಲೆ-ಅಡಿಕೆಯ ಸಂಚಿಯಲ್ಲಿಟ್ಟುಕೊಂಡಳು. ಇಳಿಯುವಾಗ ರಾಚವ್ವನ ಹಿಮ್ಮಡಿ ಎಚ್ಚರಾಯಿತು. ಈ ಸಲ ಗೋಡೆಗೆ ಬದಲು ಬಾಯವ್ವನ ಹೆಗಲಿತ್ತು.

ಸಂಕ್ರಾಂತಿಯ ಹೊತ್ತಿಗೆ ಕಿತ್ತೂರಿನಿಂದ ಫೋನು ಬಂತು.

“ಕಟ್ಟಿ ಆತು ನೋಡ. ಗವಂಡಿ ನಕ್ಕ. ಸೋಮಪ್ಪನೂ ನಕ್ಕ.”

“ಹಿಮ್ಮಡ?”

“ಊರೇತಿ.”

“ಕಿಡಕ್ಯಾಗ ಏನ ಕಾಣತೈತಿ? ಗುಡ್ಡ ಏನರ?”

“ಎಲ್ಲಿ ಗುಡ್ಡಬೇ. ಲಾರಿ. ಪುಣೆ ಕಡೆ ಹೋಗೂವು, ಬೆಂಗಳೂರ ಕಡೆ ಹೋಗೂವು. ಒಂದೂ ನಿಂದ್ರಂಗಿಲ್ಲ.” ಹಿಂದಿನಿಂದ ಯಾರೋ ‘ರೊಟ್ಟಿ’ ಎಂದು ಕೂಗಿದರು. “ಇಡತೇನಿ, ಕರ್ಯಾಕ ಹತ್ಯಾರ.”

ರಾಚವ್ವ ಅಡಿಗೆಮನೆಗೆ ಬಂದಳು. ಹತ್ತಿ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಕಟ್ಟೆಯ ಬದಿಯಲ್ಲಿ ಇದ್ದಿಲ ಗೆರೆ ಹಾಗೇ ಇತ್ತು. ಗೋಡೆಯ ಮೇಲೆ ಮಾತ್ರ ಈ ಸಲ ಕಂದು ಮೂಡಿರಲಿಲ್ಲ. ಮಣೆ ಹತ್ತಿ ನಿಂತಳು. ಕಿಟಕಿಯಲ್ಲಿ ನರ್ಮದಾಬಾಯಿಯ ಮನೆಯ ಗೋಡೆ, ಅದರ ಮೇಲೆ ಗೇಣಗಲ ಆಕಾಶ. ಅದನ್ನು ನೋಡುತ್ತ, ತನಗೇ ಕೇಳಿಸುವಷ್ಟು ಸಣ್ಣಗೆ, “ಕೂ” ಎಂದಳು.

“ಏನಂದ್ರಿ ಅತ್ತಿ?” ಎಂದಳು ಹಿಂದಿದ್ದ ಮಧು.

ರಾಚವ್ವ ಕೇಳಿಸಲಿಲ್ಲವೆಂಬಂತೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಹಿಟ್ಟಿಗೆ ಕೈ ಚಾಚಿದಳು.